ಮೇವಿನ ಸಸಾರಜನಕವೂ ಸಣ್ಣ ಕರುಳೂ

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಕಾವಲು ಪೂರ್ವದಲ್ಲಿ ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳಲ್ಲಿ ಒಂದಾಗಿದ್ದಿತು. ಮಳೆಗಾಲದಲ್ಲಿ ಹಸುರಾಗುವ ಇಲ್ಲಿಯ ಹುಲ್ಲು ಬೇಸಗೆಯಲ್ಲಿ ಒಣಗಿ ನಾರಾಗುವುದು. ಆಗ ಕುರಿದನಗಳು ಹೊಟ್ಟೆತುಂಬ ಮೇಯ್ದರೂ ಬಡಕಲಾಗುವುವು. ಇದರ ಕಾರಣವನ್ನು ಅರಿಯಬೇಕಾದರೆ, ಮೇವಿನಲ್ಲಿ ಸಸಾರಜನಕವೆಷ್ಟಿದೆ ಎಂಬುದರ ಜೊತೆಗೆ ಸಣ್ಣ ಕರುಳಿಗೆ ಎಷ್ಟು ತಲಪುವುದೆಂಬುದನ್ನೂ ವಿಚಾರಿಸತಕ್ಕದ್ದು. ಏಕೆಂದರೆ ಅದು ರಕ್ತಗತವಾಗುವುದು ಮುಖ್ಯವಾಗಿ ಅಲ್ಲಿಯೇ.

ಮನುಷ್ಯನು ಉಂಡ ಬೇಳೆಯ ಸಸಾರಜನಕವು ಜಠರವನ್ನು ದಾಟಿ ನೇರವಾಗಿ ಸಣ್ಣ ಕರುಳನ್ನು ಸೇರುವುದು. ರೋಮಂಥ, ಎಂದರೆ ಮೆಲುಕು, ಹಾಕುವ ಪ್ರಾಣಿಗಳಲ್ಲಿ ಹಾಗಲ್ಲ. ಅವುಗಳ ಜಠರಕ್ಕೆ ನಾಲ್ಕು ಭಾಗಗಳುಂಟು. ಮೊದಲನೆಯ ದೊಡ್ಡ ಚೀಲದಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ವಾಸಿಸುವುವು. ಇವು ಮೇವಿನ ಸಸಾರಜನಕದ ಬಹುಭಾಗವನ್ನು ಅಮೋನಿಯದವರೆಗೆ ಒಡೆದು, ಅದರಿಂದ ತಮ್ಮ ಶರೀರವನ್ನು ಕಟ್ಟಿಕೊಳ್ಳುವುವು. ಬಳಿಕ ತಾವೇ ಮುಂದಕ್ಕೆ ಸಾಗಿ ನಾಲ್ಕನೆಯ ಜಠರದಲ್ಲಿಯೂ ಸಣ್ಣ ಕರುಳಿನಲ್ಲಿಯೂ ಜೀರ್ಣವಾಗುವುವು. ಆದಕಾರಣ ಕರುಳಿಗೆ ಬರುವ ಸಸಾರಜನಕವು ಎರಡು ಬಗೆ: ಸೂಕ್ಷ್ಮಜೀವಿಗಳದು ಒಂದು, ಒಡೆಯದೆ ಉಳಿದ ಮೇವಿನದು ಇನ್ನೊಂದು. ಹುಲ್ಲು ಮೇಯುವ ಪ್ರಾಣಿಯಲ್ಲಿ ಮೊದಲನೆಯದೇ ಅಧಿಕ. ಫಿನ್ಲೆಂಡಿನ ವಿರ್ಟಾನೆನ್ ಎಂಬ ವಿದ್ವಾಂಸರು 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಸಾರಜನಕದ ಬದಲು ಯೂರಿಯವನ್ನೂ ಅಮೋನಿಯದ ಲವಣಗಳನ್ನೂ ತಿಂದ ಹಸುಗಳು ಹಾಲು ಕರೆದುವು.

ಮೇವಿನಲ್ಲಿ ಸಸಾರಜನಕವು ಸುಮಾರು ನೂರಕ್ಕೆ 7 ಭಾಗಕ್ಕಿಂತ ಕೆಳಗಿಳಿದರೆ ಈ ಜೀವಿಗಳೇ ಹಸಿಯುವುವು. ಪ್ರಾಣಿಯು ತನ್ನ ರಕ್ತದ ಯೂರಿಯವನ್ನು ಜೊಲ್ಲಿನ ಮೂಲಕ ಚೀಲಕ್ಕೆ ಹಿಂದಿರುಗಿಸಿದರೂ ಅದು ಸಾಲದು. ನಾರು ಕರಗದೆ ಚೀಲದಲ್ಲಿಯೇ ನಿಲ್ಲುವುದು. ಹೊಸ ಮೇವಿಗೆ ಎಡೆಯಿರದು. ಕರುಳಿಗೆ ಇಳಿಯುವುದೂ ಕುಗ್ಗುವುದು. ಬೇಸಗೆಯ ಬಡಕಲಿಗೆ ಇದೇ ಮುಖ್ಯ ಕಾರಣ.

ಎಣ್ಣೆಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಪರಿಹಾರವು ದೂರವಿಲ್ಲ. ಒಣಮೇವಿನೊಡನೆ ಸ್ವಲ್ಪ ಕಡಲೆಕಾಯಿ ಹಿಂಡಿಯನ್ನು ಕೊಟ್ಟರೆ ಸೂಕ್ಷ್ಮಜೀವಿಗಳು ಹೆಚ್ಚಿ, ನಾರು ಬೇಗ ಕರಗಿ, ಮೇಯುವುದೂ ಕರುಳಿಗೆ ಇಳಿಯುವುದೂ ಒಟ್ಟಿಗೆ ಏರುವುವು. ಆದರೆ ಈ ಹಿಂಡಿಯು ಚೀಲದಲ್ಲಿ ಶೀಘ್ರವಾಗಿ ಒಡೆಯತಕ್ಕದ್ದು. ಒಮ್ಮೆಗೇ ಬಹಳವಾಗಿ ಹಾಕಿದರೆ, ಮಿಕ್ಕ ಅಮೋನಿಯವು ರಕ್ತಕ್ಕಿಳಿದು, ಯಕೃತ್ತಿನಲ್ಲಿ ಯೂರಿಯವಾಗಿ, ಮೂತ್ರದಲ್ಲಿ ವ್ಯರ್ಥವಾಗುವುದು. ಹಲವು ಸಲ ಹಂಚಿ, ಜೋಳದಂತಹ ಶಕ್ತಿಯುಳ್ಳ ಧಾನ್ಯದೊಡನೆ ಕೊಡುವುದು ಯುಕ್ತ. ಹಾಲು ಕುಡಿಯುವ ಮರಿಯ ವಿಷಯ ಬೇರೆ: ಅನ್ನನಾಳದ ಕೊನೆಯ ತೋಡೊಂದು ಮುಚ್ಚಿಕೊಂಡು ಹಾಲನ್ನು ನೇರವಾಗಿ ನಾಲ್ಕನೆಯ ಜಠರಕ್ಕೆ ಒಯ್ಯುವುದರಿಂದ, ಅದರ ಸಸಾರಜನಕವು ಒಡೆಯದೆಯೇ ಮುಂದೆ ಸಾಗುವುದು.

ಕಾವಲಿನ ಬಹುಭಾಗವು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಗಿ, ಮೇಯುವ ನೆಲವು ಕಿರಿದಾಗಿರುವ ಈ ಸೀಮೆಯಲ್ಲಿ ಕೊಂಡು ಹಾಕುವ ಪ್ರತಿಯೊಂದು ಹಿಡಿ ಹಿಂಡಿಗೂ ಬೆಲೆಯುಂಟು. ಅದರ ಫಲವನ್ನು ಗೋದಲೆಯಲ್ಲಿ ಅಳೆಯದೆ ಕರುಳಿನಲ್ಲಿ ಅಳೆಯತಕ್ಕದ್ದು.