ರದ್ದಾದ ಅಂಚೆಚೀಟಿಗಳು

ಪ್ರಶ್ನೆ: ಅಮೆರಿಕದ ಹಳೆಯ ಅಂಚೆಚೀಟಿಗಳು ಆ ದೇಶದ ಇತಿಹಾಸಕ್ಕೆ ಸಾಕ್ಷ್ಯವಾಗಬಲ್ಲವೇ?

ಉತ್ತರ: ಖಂಡಿತ ಆಗಬಲ್ಲವು. 1847ರಲ್ಲಿ ಫ್ರಾಂಕ್ಲಿನ್ ಚಿತ್ರದ 5 ಸೆಂಟಿನ ಹಾಗೂ ವಾಷಿಂಗ್ಟನ್ ಚಿತ್ರದ 10 ಸೆಂಟಿನ ಚೀಟಿಗಳಿಂದ ಆರಂಭವಾದ ಈ ಪರಂಪರೆಯಲ್ಲಿ 1861ರ ಪ್ರಸಂಗ ವಿಶೇಷ ಗಮನಾರ್ಹವಾದುದು. ಅಂತರ್ಯುದ್ಧ ತೊಡಗಿದಾಗ, ಒಕ್ಕೂಟದಿಂದ ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಅಂಚೆ ಕಚೇರಿಗಳಲ್ಲಿ ಉಳಿದಿದ್ದ ದಾಸ್ತಾನು ಉತ್ತರದಲ್ಲಿ ಮಾರಾಟವಾಗಿ ಎದುರಾಳಿಗಳಿಗೆ ಹಣ ಒದಗದಿರಲೆಂದು, ಕೇಂದ್ರ ಸರ್ಕಾರವು ಹಳೆಯ ಚೀಟಿಗಳ ಮಾನ್ಯತೆಯನ್ನೇ ರದ್ದುಪಡಿಸಿ (ಒಂದು ಬಗೆಯ ನೋಟು ರದ್ದತಿಯೇ ಸರಿ) ಹೊಸ ವಿನ್ಯಾಸಗಳನ್ನು ಹೊರತಂದಿತು. ಲಿಂಕನ್ ಹತ್ಯೆಯ ಮರುವರ್ಷ, 1866ರಲ್ಲಿ, ಬಂದ 15 ಸೆಂಟಿನ ಕಪ್ಪು ಚೀಟಿಯನ್ನು ಅನೇಕ ಸಂಗ್ರಾಹಕರು ಶೋಕಸೂಚಕವೆಂದು ಪರಿಗಣಿಸುತ್ತಾರೆ. ಹೀಗೆ ದೇಶದ ಇತಿಹಾಸಕ್ಕೆ ಚೀಟಿಯೇ ಸಾಕ್ಷ್ಯವಾದರೂ, ಪತ್ರ ಬರೆದವರ ಖಾಸಗಿ ನೆನಪು ಮಾತ್ರ ಚೀಟಿಗಿಂತ ಹೆಚ್ಚಾಗಿ ಲಕೋಟೆಯ ಮೇಲಿನ ಕೈಬರಹದಲ್ಲಿ, ಊರು ಮತ್ತು ದಿನಾಂಕ ತೋರಿಸುವ ಅಂಚೆಮುದ್ರೆಯಲ್ಲಿ ಉಳಿದಿರುತ್ತದೆ. ಆದ್ದರಿಂದ ಹಳೆಯ ಪತ್ರಗಳಿದ್ದವರು ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸದೆ, ಲಕೋಟೆಯ ಸಮೇತ ಕಾಪಾಡುವುದು ಒಳಿತು.