ತುಘಲಕನ ಎರಡು ಮುಖಗಳು

ಕ್ರೂರಿಯನ್ನು ಗುರುತಿಸುವುದು ಸುಲಭವೆಂದು ನಾನು ತಿಳಿದಿದ್ದೆ. ನಮ್ಮ ಮುಂಡಗೋಡಿಗೆ ನೆರೆಯ ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನು ಓದಿದ ಮೇಲೆ ಆ ಭ್ರಮೆ ಹರಿಯಿತು.

ದಂಡಿನ ಬಲದಿಂದ ಆಳುವ ಈ ಸುಲ್ತಾನ ಇತಿಹಾಸದ ವ್ಯಕ್ತಿಯಾದರೂ ನಾಟಕದಲ್ಲಿ ಕವಿಕಲ್ಪನೆಯಿಂದ ಮರುಹುಟ್ಟು ಪಡೆದವನು. ಮೊದಲ ದೃಶ್ಯದಲ್ಲಿ ತನ್ನ ವಿರುದ್ಧವೇ ಬಂದ ನ್ಯಾಯಾಲಯದ ತೀರ್ಪಿಗೆ ಪ್ರಜೆಗಳೆದುರು ತಲೆಬಾಗುತ್ತಾನೆ. ಓದುವ ನಾವೂ ಮೆಚ್ಚುತ್ತೇವೆ. ಮುಂದೆ, ತನ್ನ ಕೊಲೆಗೆ ಸಂಚು ಹೂಡಿದ ಶಿಹಾಬುದ್ದೀನನನ್ನು ತನ್ನ ಕೈಯಿಂದಲೇ ಇರಿದು ಕೊಲ್ಲುತ್ತಾನೆ. ಹೊರಗೆ ಮಾತ್ರ, ಅವನು ಸುಲ್ತಾನನನ್ನು ಕಾಯುತ್ತ ಮಡಿದನೆಂದು ಸಾರಿಸಿ, ರಾಜಮರ್ಯಾದೆಯ ಅಂತ್ಯಕ್ರಿಯೆಗೆ ಅಪ್ಪಣೆ ಕೊಡುತ್ತಾನೆ. ಕೊಲೆಗೆ ಸನ್ಮಾನದ ಹೊದಿಕೆ!

ಮೊದಲ ದೃಶ್ಯದ ನ್ಯಾಯಪ್ರೇಮವೇ ಈ ಸುಳ್ಳನ್ನು ಜನ ನಂಬುವಂತೆ ಮಾಡುತ್ತದೆ. ಆದ್ದರಿಂದ ಮಿತ್ರರೇ, ಆಳುವವರ ಔದಾರ್ಯಕ್ಕೆ ಚಪ್ಪಾಳೆ ತಟ್ಟುವ ಮುನ್ನ, ಅರಮನೆಯೊಳಗೆ ನಡೆದದ್ದೇನೆಂದು ಕೇಳುವುದು ವಿದ್ಯಾವಂತರಾದ ನಮ್ಮ ಕರ್ತವ್ಯವಲ್ಲವೇ?