ಓದಿಗೆ ಜೊತೆಯಾಗುವ ನಾದ



ಸಾಂತಾಕ್ರೂಜಿನಲ್ಲಿ ಓದಲು ಕುಳಿತವರಿಗೆ ನಿಶ್ಶಬ್ದವೆಂಬುದು ದುರ್ಲಭವಾದ ವಸ್ತು. ಮೇಲೆ ವಿಮಾನ, ಅತ್ತ ಲೋಕಲ್ ರೈಲು, ಒಂದೇ ಕೋಣೆಯ ಮನೆಯಾದರೆ ಮಗ್ಗುಲಲ್ಲೇ ಟಿ.ವಿ.ಯ ಮಾತು. ಉತ್ತರಪತ್ರಿಕೆಗಳನ್ನು ತಿದ್ದುವಾಗ ಈ ಗದ್ದಲಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೇನೆ: ಹಳೆಯ ವೀಡಿಯೊ ಆಟಗಳ ಸಂಗೀತವನ್ನು ಮೆಲ್ಲಗೆ ಹಚ್ಚಿಡುವುದು. ನಗಬೇಡಿರಿ, ಇದಕ್ಕೆ ಕಾರಣವುಂಟು.

ನಮ್ಮ ನಾಡಿನ ಹೆಣ್ಣುಮಕ್ಕಳು ಬೀಸುವಾಗಲೂ ಕುಟ್ಟುವಾಗಲೂ ಹಾಡುತ್ತಿದ್ದರು. ಅಲ್ಲಿ ದುಡಿಯುತ್ತಿದ್ದುದು ಕೈ. ಹಾಡಿನ ಮಾತಿಗೆ ಮನಸ್ಸು ಬಿಡುವಾಗಿತ್ತು. ಓದಿನಲ್ಲಾದರೋ ಮನಸ್ಸೇ ಮಾತುಗಳಲ್ಲಿ ತೊಡಗಿರುತ್ತದೆ. ಆಗ ಕಿವಿಗೆ ಬೀಳುವ ಹಾಡಿನ ಮಾತು ಪುಸ್ತಕದ ಮಾತಿನೊಡನೆ ಜಗಳಕ್ಕೆ ನಿಲ್ಲುತ್ತದೆ. ಸಲಾಮೆ ಮತ್ತು ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರು, ಕಣ್ಣಿಗೆ ತೋರಿಸಿದ ಅಂಕಿಗಳನ್ನು ಕ್ರಮವಾಗಿ ನೆನಪಿಡಲು ಹೇಳಿ ಪರೀಕ್ಷಿಸಿದಾಗ, ಬರಿಯ ವಾದ್ಯಸಂಗೀತಕ್ಕಿಂತ ಮಾತುಳ್ಳ ಹಾಡೇ ಹೆಚ್ಚು ಅಡ್ಡಿಮಾಡಿತೆಂದು 1989ರಲ್ಲಿ ಪ್ರಕಟಿಸಿದರು.

ಇನ್ನು ಆಟದ ಸಂಗೀತವನ್ನು ನೋಡೋಣ. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರಕ್ಕೆ ಒಮ್ಮೆಗೆ ಹೊರಡಿಸಲು ಐದೇ ನಾದಧಾರೆಗಳಿದ್ದವು. ಕೋಜಿ ಕೊಂಡೊ ಅವರು ಸಂಗೀತವಿತ್ತ, 1985ರ ಸೂಪರ್ ಮಾರಿಯೊ ಬ್ರದರ್ಸ್ ಆಟವೆಲ್ಲವೂ ಸುಮಾರು 40 ಕಿಲೋಬೈಟುಗಳಲ್ಲಿ ಅಡಗಿತ್ತು. ಇಂದಿನ ಮೊಬೈಲಿನ ಒಂದು ಛಾಯಾಚಿತ್ರಕ್ಕೂ ಆ ಜಾಗ ಸಾಲದು. ಹಾಡುವ ಕಂಠಕ್ಕೆ ಅಲ್ಲಿ ಎಡೆಯೆಲ್ಲಿ? ಚಿಕ್ಕದೊಂದು ರಾಗ ಮುಗಿಯುತ್ತಲೇ ಮತ್ತೆ ಮೊದಲಿಗೆ ಮರಳಬೇಕು. ಎಷ್ಟು ಸಲ ಕೇಳಿದರೂ ಆಟಗಾರನಿಗೆ ಬೇಸರವಾಗಬಾರದು, ಅವನ ಗಮನವೂ ಕದಡಬಾರದು. ಹೀಗೆ ಯಂತ್ರದ ಬಡತನವೇ ಆ ಸಂಗೀತಕ್ಕೆ ಗುಣವಾಯಿತು.

ಆದರೆ ಎಲ್ಲ ರಾಗವೂ ಆಗದು. ಮಾರಿಯೊ ಆಟದಲ್ಲಿ ಕಾಲ ಮುಗಿಯುತ್ತ ಬಂದಾಗ ರಾಗ ಓಡತೊಡಗುತ್ತದೆ. ಅದು ಓದುವವನನ್ನೂ ಓಡಿಸೀತು! ಪದ್ಯವನ್ನು ಬಾಯಿಪಾಠ ಮಾಡುವಾಗ, ಹೊಸ ಪಾಠವನ್ನು ಅರಿಯುವಾಗ ಮೌನವೇ ಲೇಸು. ನಕ್ಷೆ ಬರೆಯಲು, ಟಿಪ್ಪಣಿ ಪ್ರತಿಮಾಡಲು, ಬಲ್ಲ ಲೆಕ್ಕಗಳನ್ನು ಮತ್ತೊಮ್ಮೆ ಬಿಡಿಸಲು ಮಾತ್ರ ಈ ನಾದವನ್ನು ಜೊತೆಗಿಟ್ಟುಕೊಳ್ಳಿರಿ, ಅದೂ ಮೆಲುದನಿಯಲ್ಲಿ.

ಈ ನಗರದಲ್ಲಿ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಮುಂದೆ ಬಂದ ಕನ್ನಡಿಗರು ಅನೇಕರು. ನಿಶ್ಶಬ್ದವಾದ ಕೋಣೆ ದೊರೆಯಲೆಂದು ಅವರು ಕಾಯಲಿಲ್ಲ. ನೀವೂ ಕಾಯಬೇಡಿರಿ. ಗದ್ದಲದ ನಡುವೆಯೇ ನಿಮ್ಮ ಓದಿಗೊಂದು ಮೂಲೆಯನ್ನು ಮಾಡಿಕೊಳ್ಳಿರಿ.